ಅಪ್ಪನ ಸ್ಪ್ಲೆಂಡರ್‌ಗಾಗಿ 41ನೇ ವಯಸ್ಸಿಗೆ ಬೈಕ್ ಕಲಿತೆ: ಸರಿಯಾದ ತರಬೇತಿ ಹುಡುಕಿದ ಆರು ತಿಂಗಳು

ಹೋದ ವಾರ ಸ್ಪೀಡ್ ಪೋಸ್ಟ್‌ನಲ್ಲಿ ನನ್ನ ಡಿಎಲ್ ಕಾರ್ಡ್ ಬಂತು. ಗೇರ್ ಇರುವ ಬೈಕ್ ಓಡಿಸಲು ಇನ್ನು ಹತ್ತು ವರ್ಷ ಚಿಂತೆಯಿಲ್ಲ. ಇದಕ್ಕಾಗಿ 2025ರ ಜನವರಿಯಿಂದ ಜೂನ್‌ವರೆಗೆ ಓಡಾಡಿದ್ದೇನೆ. ಅದರಲ್ಲಿ ಅರ್ಧ ಓಡಾಟ ಸರಿಯಾಗಿ ವಿಚಾರಿಸದೆ ದುಡ್ಡು ಕಟ್ಟಿದ್ದರಿಂದ ಆದದ್ದು. ಯಾರಾದರೂ ಮೊದಲೇ ಹೇಳಿದ್ದರೆ ದುಡ್ಡೂ ಉಳಿಯುತ್ತಿತ್ತು, ದಿನಗಳೂ ಉಳಿಯುತ್ತಿದ್ದವು. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮ ಊರು ತಿಪಟೂರಿನ ಹತ್ತಿರ. ಅಪ್ಪನಿಗೆ ಈಗ 72. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ಗಾಡಿ ಮುಟ್ಟಿಲ್ಲ. 2009ರಲ್ಲಿ ಕೊಂಡ ಅವರ ಸ್ಪ್ಲೆಂಡರ್ ಕೊಬ್ಬರಿ ಮನೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ದೀಪಾವಳಿಗೆ ಹೋದಾಗ ನೋಡಿದೆ, ಆಯುಧಪೂಜೆಗೆ ಮುಡಿಸಿದ್ದ ಚೆಂಡುಹೂವು ಹ್ಯಾಂಡಲ್ ಮೇಲೇ ಒಣಗಿತ್ತು. "ಇದನ್ನ ಮಾರಿಬಿಡೋಣ ಅಂತಿದೀನಿ ಮಗಾ" ಅಂದರು ಅಪ್ಪ. ನನಗೆ ಕೆಲಸ ಸಿಕ್ಕಿದ ಹೊಸತರಲ್ಲಿ ಪ್ರತಿ ಸೋಮವಾರ ಬೆಳಗಿನ ಜಾವ ಇದೇ ಗಾಡಿಯಲ್ಲಿ ತಿಪಟೂರು ಸ್ಟೇಷನ್‌ಗೆ ಬಿಟ್ಟು ಬರುತ್ತಿದ್ದರು. "ಮಾರಬೇಡಿ ಅಪ್ಪ, ನಾನೇ ಕಲೀತೀನಿ" ಅಂದುಬಿಟ್ಟೆ.

ಅಡುಗೆಮನೆಯಿಂದ ಅಮ್ಮ ಬಂದರು. "ನಿಮ್ಮ ಸೋದರಮಾವ ಹೋಗಿದ್ದು ಬೈಕಿಂದಲೇ ಅಲ್ವೇನೇ?" ಅಂದರು. ನಾನು ಮರೆತಿರಲಿಲ್ಲ. ಮಾವ ಬಿದ್ದ ದಿನ ಹೆಲ್ಮೆಟ್ ಇತ್ತು. ಆದರೆ ಅದು ಕನ್ನಡಿಗೆ ನೇತಾಡುತ್ತಿತ್ತು. ಆವತ್ತು ಅಮ್ಮನಿಗೆ ಮಾತು ಕೊಟ್ಟೆ, ಚಿಕ್ಕಪ್ಪನ ಮಗನ ಹತ್ತಿರ ಮೈದಾನದಲ್ಲಿ ಎರಡು ದಿನ ಸುಮ್ನೆ ತಿರುಗಿ ಕಲಿಯುವುದಿಲ್ಲ, ಸುರಕ್ಷಿತವಾಗಿ ಓಡಿಸುವುದನ್ನು ಹೇಳಿಕೊಡುವವರ ಹತ್ತಿರವೇ ಕಲಿಯುತ್ತೇನೆ ಅಂತ.

ಬೆಂಗಳೂರಿಗೆ ಬಂದು ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಲು ಹೊರಟೆ. ಸರ್ಕಾರದ ಸಾರಥಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬೇಕು. ಇಲ್ಲಿ ಎರಡು ಕಡೆ ಹುಷಾರಾಗಿರಿ. ಮೊದಲನೆಯದು, ಗೇರ್ ಇಲ್ಲದ ಗಾಡಿಗೆ ಬೇರೆ ವರ್ಗ, ಗೇರ್ ಇರುವ ಗಾಡಿಗೆ ಬೇರೆ ವರ್ಗ. ಸೈಬರ್ ಸೆಂಟರ್ ಹುಡುಗ ನನ್ನನ್ನು ನೋಡಿ, ಏನೂ ಕೇಳದೆ ಗೇರ್ ಇಲ್ಲದ್ದಕ್ಕೆ ಟಿಕ್ ಹಾಕಿದ್ದ. "ಲೇಡೀಸ್ ಎಲ್ಲ ಸ್ಕೂಟರಿಗೇ ತಗೊಳ್ಳೋದು ಮೇಡಂ" ಅಂದ. ದುಡ್ಡು ಕಟ್ಟುವ ಮೊದಲು ಕಣ್ಣಿಗೆ ಬಿದ್ದದ್ದು ಪುಣ್ಯ. ಎರಡನೆಯದು ವಯಸ್ಸು. 40 ದಾಟಿದವರಿಗೆ ಫಾರಂ 1ಎ ಅನ್ನುವ ವೈದ್ಯಕೀಯ ಪ್ರಮಾಣಪತ್ರ ಬೇಕು, ಅದಕ್ಕೆ ನೋಂದಾಯಿತ ವೈದ್ಯರ ಸಹಿ ಆಗಬೇಕು. ನನಗೆ 41 ಅನ್ನುವುದು ಗೊತ್ತಿತ್ತು, ಈ ನಿಯಮ ಗೊತ್ತಿರಲಿಲ್ಲ. ನಮ್ಮ ಬೀದಿಯ ಡಾಕ್ಟರ್ ಕಣ್ಣು ನೋಡಿ, ಬಣ್ಣ ಗುರುತಿಸಲು ಹೇಳಿ, ಸಹಿ ಹಾಕಿ 300 ರೂಪಾಯಿ ತೆಗೆದುಕೊಂಡರು. ಎಲ್‌ಎಲ್‌ಗೆ 150, ಅದರ ಪರೀಕ್ಷೆಗೆ 50 ರೂಪಾಯಿ ಶುಲ್ಕ.

ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಕೈಗೆ ಬಂದು 30 ದಿನ ಆದ ಮೇಲೆಯೇ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಆರು ತಿಂಗಳು ಬೇಕಾದಷ್ಟಾಯಿತು ಅಂದುಕೊಂಡು ಒಂದು ತಿಂಗಳು ಹಾಗೇ ಕಳೆದುಬಿಟ್ಟೆ. ನೀವು ಹಾಗೆ ಮಾಡಬೇಡಿ. ತರಬೇತಿ ಎಲ್ಲಿ ಅಂತ ನಿಕ್ಕಿ ಮಾಡಿಕೊಂಡೇ ಎಲ್‌ಎಲ್‌ಗೆ ಅರ್ಜಿ ಹಾಕಿ.

ಈಗ ತರಬೇತಿ ವಿಷಯಕ್ಕೆ ಬರುತ್ತೇನೆ. ಮೊದಲು ಹೋದದ್ದು ಮನೆ ಹತ್ತಿರದ ಡ್ರೈವಿಂಗ್ ಸ್ಕೂಲ್‌ಗೆ. ಅವರದ್ದು ಮುಖ್ಯವಾಗಿ ಕಾರು ಕಲಿಸುವ ಕೆಲಸ. ಬೈಕ್‌ಗೆ ಹತ್ತು ದಿನ, ದಿನಕ್ಕೆ ಅರ್ಧ ಗಂಟೆ, ಲೈಸೆನ್ಸ್ ಸೇರಿ 5,500 ರೂಪಾಯಿ ಅಂದರು. "ನಾವು ಫಾರಂ 5 ಕೊಡ್ತೀವಿ, ಈಗ ಆರ್‌ಟಿಒ ಟೆಸ್ಟೇ ಇಲ್ಲ ಮೇಡಂ" ಅಂತಲೂ ಹೇಳಿದರು. ನಂಬಿ 2,000 ಮುಂಗಡ ಕೊಟ್ಟೆ. ಅದು ನಿಜವಲ್ಲ. 2021ರ ಜುಲೈ 1ರಿಂದ ಒಂದು ನಿಯಮ ಬಂದಿರುವುದು ಹೌದು. ಆದರೆ ಟೆಸ್ಟ್ ವಿನಾಯಿತಿ ಸಿಗುವುದು ಸರ್ಕಾರದಿಂದ ವಿಶೇಷ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಕಲಿತು ಪಾಸಾದವರಿಗೆ ಮಾತ್ರ. ಮಾಮೂಲಿ ಸ್ಕೂಲ್ ಕೊಡುವ ಫಾರಂ 5 ನೀವು ಕಲಿತಿದ್ದೀರಿ ಅಂತ ತೋರಿಸುವ ಕಾಗದ, ಅಷ್ಟೇ. ಟೆಸ್ಟ್‌ಗೆ ಹೋಗಲೇಬೇಕು.

ಎರಡನೇ ದಿನವೇ ನನ್ನನ್ನು ರಸ್ತೆಗೆ ಕರೆದುಕೊಂಡು ಹೋದರು. ಕಲಿಸುವವರು ಹಿಂದೆ ಕೂತು, ನನ್ನ ಭುಜದ ಮೇಲಿಂದ ಕೈ ಚಾಚಿ ಹ್ಯಾಂಡಲ್ ಹಿಡಿದಿದ್ದರು. ಕ್ಲಚ್ ಅವರ ಕೈಯಲ್ಲಿ, ಆಕ್ಸಿಲರೇಟರ್ ನನ್ನ ಕೈಯಲ್ಲಿ. ಎದುರಿಗೆ ಆಟೋ ಬಂದಾಗ "ಬ್ರೇಕ್, ಬ್ರೇಕ್" ಅಂತ ಕೂಗಿದರು. ಯಾವ ಬ್ರೇಕ್, ಎಷ್ಟು ಒತ್ತಬೇಕು, ಆ ಹೊತ್ತಿಗೆ ಯಾರೂ ನನಗೆ ಹೇಳಿರಲಿಲ್ಲ. ಏನೂ ಆಗಲಿಲ್ಲ. ಆದರೆ ಮನೆಗೆ ಬಂದು ಕೂತಾಗ ಕೈ ನಡುಗುತ್ತಿತ್ತು. ಅಮ್ಮನಿಗೆ ಕೊಟ್ಟ ಮಾತು ನೆನಪಾಯಿತು. ಮೂರನೇ ದಿನ ಹೋಗಲಿಲ್ಲ. ಮುಂಗಡ ವಾಪಸ್ ಬರಲಿಲ್ಲ.

ಆಮೇಲೆ ಎರಡು ವಾರ ಬರೀ ವಿಚಾರಿಸಿದೆ. ಹೆಂಗಸರಿಗೆ ಹೆಂಗಸರೇ ಕಲಿಸುವವರು ಬೆಂಗಳೂರಿನಲ್ಲಿ ಹಲವರಿದ್ದಾರೆ. ಒಬ್ಬರನ್ನು ಕಂಡು ಮಾತಾಡಿದೆ. ತುಂಬ ತಾಳ್ಮೆಯವರು, ಆದರೆ ಅವರ ಹತ್ತಿರ ಇದ್ದದ್ದು ಸ್ಕೂಟರ್ ಮಾತ್ರ. ಸ್ಕೂಟರ್ ಕಲಿಯುವವರಾದರೆ ಕಣ್ಣು ಮುಚ್ಚಿ ಅಂಥವರ ಹತ್ತಿರ ಹೋಗಿ. ಕೋಲಾರದ ಕಡೆ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. 2015ರಲ್ಲಿ ಮರುಭೂಮಿ, ಗುಡ್ಡಗಳ ದಾರಿಯ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಶುರು ಮಾಡಿದ ಜಾಗ. ಅಲ್ಲಿ ಕಲಿಸುವುದು ಮಣ್ಣು, ದಿಬ್ಬದ ದಾರಿಯ ಸವಾರಿ. ಚೆನ್ನೈ ಹತ್ತಿರದ ರೇಸ್ ಟ್ರ್ಯಾಕ್‌ನಲ್ಲಿ ನಡೆಯುವ ತರಬೇತಿಗಳೂ ಇವೆ, ಅವು ವೇಗದವು. ಗೇರೇ ಗೊತ್ತಿಲ್ಲದವಳಿಗೆ ಇವೆರಡೂ ಮುಂದಿನ ಮಾತು. "ಬೈಕ್ ತರಬೇತಿ" ಅಂತ ಹುಡುಕಿದರೆ ಇವೆಲ್ಲ ಒಟ್ಟಿಗೇ ಬರುತ್ತವೆ, ಅದಕ್ಕೆ ಹೇಳಿದೆ.

ಕೊನೆಗೆ ನೆಲಮಂಗಲದ ಆಚೆ ಒಂದು ಮೈದಾನದಲ್ಲಿ ವಾರಾಂತ್ಯದ ತರಬೇತಿ ನಡೆಸುವ ಇಬ್ಬರು ಸಿಕ್ಕರು. ಎರಡು ಶನಿವಾರ, ಎರಡು ಭಾನುವಾರ, 9,000 ರೂಪಾಯಿ. ಜಾಸ್ತಿ ಅನ್ನಿಸಿತು. ಈ ಸಲ ದುಡ್ಡು ಕೊಡುವ ಮೊದಲು ಫೋನಿನಲ್ಲೇ ಎಲ್ಲ ಕೇಳಿದೆ. ಒಬ್ಬ ಗುರುವಿಗೆ ಎಷ್ಟು ಜನ ಕಲಿಯುವವರು? ಮೂವರು ಅಂದರು. ಗಾಡಿ ಯಾರದ್ದು, ಬಿದ್ದು ಮುರಿದರೆ ಖರ್ಚು ಯಾರದ್ದು? ಗಾಡಿ ಅವರದ್ದೇ, ಲಿವರ್, ಇಂಡಿಕೇಟರ್ ಮುರಿದರೆ ನಮ್ಮ ಹತ್ತಿರ ಕೇಳುವುದಿಲ್ಲ ಅಂದರು. ಮಳೆ ಬಂದರೆ? ಬೇರೆ ದಿನ ಕೊಡ್ತೀವಿ ಅಂದರು. ತುರ್ತಾಗಿ ನಿಲ್ಲಿಸುವುದನ್ನು ಕಲಿಸುತ್ತೀರಾ? "ಒಂದು ಇಡೀ ಬೆಳಗ್ಗೆ ಅದೇ ಮೇಡಂ" ಅಂದರು. ಆ ಒಂದು ಉತ್ತರಕ್ಕೆ ದುಡ್ಡು ಕಟ್ಟಿದೆ. ನಾನು ಕೇಳದೆ ಬಿಟ್ಟ ಪ್ರಶ್ನೆಯೂ ಒಂದಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಹೆಲ್ಮೆಟ್ ನಾವೇ ತರಬೇಕಿತ್ತು. ರಸ್ತೆ ಬದಿಯಲ್ಲಿ 400 ರೂಪಾಯಿಗೆ ಮಾರುವುದರ ಮೇಲೂ ಐಎಸ್‌ಐ ಸ್ಟಿಕ್ಕರ್ ಇರುತ್ತದೆ. ಅದನ್ನು ನಂಬಬೇಡಿ, ಬಿಲ್ ಕೊಡುವ ಅಂಗಡಿಯಲ್ಲಿ ಐಎಸ್ 4151 ಗುರುತು ನೋಡಿ ಕೊಳ್ಳಿ. ಮೊದಲು ಟೇಪಿನಿಂದ ಹುಬ್ಬಿನ ಮೇಲೆ ತಲೆಯ ಸುತ್ತಳತೆ ತೆಗೆದುಕೊಳ್ಳಿ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಹೆಲ್ಮೆಟ್ ಮಾತ್ರ ತಿರುಗಿದರೆ ಅದು ದೊಡ್ಡದು ಅಂತ ಅರ್ಥ. ನನ್ನದಕ್ಕೆ 2,100 ಆಯಿತು. ಕೈಗವಸಿಗೆ 700, ಪಾದದ ಗಂಟು ಮುಚ್ಚುವ ಶೂಗೆ 1,600. ಕೈಗವಸು ಬೇಡ ಅನ್ನಿಸಬಹುದು. ಬೀಳುವಾಗ ಯಾರೇ ಆಗಲಿ ಮೊದಲು ನೆಲಕ್ಕೆ ಊರುವುದು ಅಂಗೈಯನ್ನೇ.

ಮೊದಲ ದಿನ ಮೊದಲ ಒಂದು ಗಂಟೆ ಇಂಜಿನ್ನೇ ಶುರು ಮಾಡಿಸಲಿಲ್ಲ. ಗಾಡಿ ತಳ್ಳುವುದು, ಸೈಡ್ ಸ್ಟ್ಯಾಂಡ್ ಹಾಕುವುದು, ತೆಗೆಯುವುದು, ಹತ್ತುವುದು, ಇಳಿಯುವುದು. ಆಮೇಲೆ ಹಾಫ್ ಕ್ಲಚ್. ಕ್ಲಚ್ ಅನ್ನು ನಿಧಾನ ಬಿಡುತ್ತಾ ಬಂದರೆ ಒಂದು ಜಾಗದಲ್ಲಿ ಇಂಜಿನ್ ಸದ್ದು ಸ್ವಲ್ಪ ಇಳಿಯುತ್ತದೆ, ಗಾಡಿ ಮುಂದಕ್ಕೆ ಎಳೆಯಲು ನೋಡುತ್ತದೆ. ಅದೇ ಜಾಗ. ಅಲ್ಲೇ ಬೆರಳು ನಿಲ್ಲಿಸಿ, ಎರಡೂ ಕಾಲು ನೆಲದ ಮೇಲೆ ಎಳೆಯುತ್ತಾ, ಆಕ್ಸಿಲರೇಟರ್ ಮುಟ್ಟದೆ ಮೈದಾನದ ಈ ತುದಿಯಿಂದ ಆ ತುದಿಗೆ. ನಲವತ್ತು ಸಲವಾದರೂ ಮಾಡಿರಬೇಕು. ಸಂಜೆ ಎಡಗೈಯಲ್ಲಿ ನೀರಿನ ಲೋಟ ಎತ್ತಲು ಆಗಲಿಲ್ಲ. ಆದರೆ ಆಮೇಲೆ ನನ್ನ ಗಾಡಿ ಸುಮ್ಮಸುಮ್ಮನೆ ಆಫ್ ಆಗಲಿಲ್ಲ, ಎಗರಲೂ ಇಲ್ಲ.

ಎರಡನೇ ದಿನ ಬ್ರೇಕ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದು, ಎರಡು ಕೋನ್‌ಗಳ ನಡುವೆ ಬಂದ ಕೂಡಲೇ ನಿಲ್ಲಿಸಬೇಕು. ಮೊದಲ ಸಲ ಹಿಂದಿನ ಬ್ರೇಕ್ ಮಾತ್ರ ಒತ್ತಲು ಹೇಳಿದರು. ಟೈರ್ ಕಿರ್ರೆಂದು ಜಾರಿ, ಬಾಲ ಅಲ್ಲಾಡಿಸಿ, ಗಾಡಿ ಎಲ್ಲೋ ಮುಂದೆ ಹೋಗಿ ನಿಂತಿತು. ಸರ್ ಕೋನ್‌ನಿಂದ ನಡೆದುಕೊಂಡು ಬಂದು ಎಣಿಸಿದರು. ಹದಿನಾಲ್ಕು ಹೆಜ್ಜೆ. ನಿಂತ ಜಾಗದಲ್ಲಿ ಸುಣ್ಣದ ಗೆರೆ ಎಳೆದರು. ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರ ಬೇಗ ಜಾರುತ್ತದೆ. ಹಾಗಾಗಿ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕ್ ಅಂತ ವಿವರಿಸಿದರು.

ನನಗೆ ಮುಂದಿನ ಬ್ರೇಕ್ ಅಂದರೆ ಭಯ. "ಮುಂದಿಂದು ಹಿಡಿದರೆ ಪಲ್ಟಿ" ಅಂತ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು. ಅದನ್ನು ಹೇಳಿದೆ. ಅವರು "ಹಾಲು ಕರೆದಿದ್ದೀರಾ ಮೇಡಂ?" ಅಂದರು. ಕರೆದಿದ್ದೇನೆ ಅಂದೆ. "ಮೊದಲ ಹಿಡಿತಕ್ಕೇ ಜೋರಾಗಿ ಎಳೆದರೆ ಹಸು ಒದೆಯುತ್ತೆ. ಮೆತ್ತಗೆ ಹಿಡಿದು, ಆಮೇಲೆ ಬಿಗಿ ಮಾಡ್ತೀರಲ್ಲ, ಲಿವರ್ ಕೂಡ ಹಾಗೇ" ಅಂದರು. ಆ ಮಾತು ತಲೆಗಲ್ಲ, ನೇರ ಬೆರಳಿಗೆ ಅರ್ಥವಾಯಿತು. ಹತ್ತನೇ ಸಲವೋ ಹನ್ನೊಂದನೇ ಸಲವೋ, ಎರಡೂ ಬ್ರೇಕ್ ಸೇರಿಸಿ, ಮುಂದಿನದನ್ನು ಹಿಂಡುತ್ತಾ ಬಿಗಿ ಮಾಡಿದೆ. ಗಾಡಿಯ ಮೂತಿ ಕೆಳಗಿಳಿಯಿತು, ನೆಲಕ್ಕೆ ಅಂಟಿಕೊಂಡ ಹಾಗೆ ನಿಂತಿತು. ಎಂಟು ಹೆಜ್ಜೆ. ಸುಣ್ಣದ ಆ ಎರಡು ಗೆರೆಗಳ ನಡುವೆ ನಿಂತು ಸ್ವಲ್ಪ ಹೊತ್ತು ನೋಡಿದೆ. ನಡುವೆ ಒಂದು ಆಟೋ ಆರಾಮಾಗಿ ನಿಲ್ಲುವಷ್ಟು ಜಾಗ. ಮಾವನ ನೆನಪಾಗಿ ಕಣ್ಣು ತುಂಬಿತು. ಯಾರೂ ಏನೂ ಕೇಳಲಿಲ್ಲ.

ಇನ್ನೊಂದು ಲೆಕ್ಕವನ್ನೂ ಅವತ್ತೇ ಹೇಳಿಕೊಟ್ಟರು. 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡ್‌ಗೆ 11 ಮೀಟರ್ ಹೋಗುತ್ತದೆ. 60ರಲ್ಲಿ ಸುಮಾರು 17 ಮೀಟರ್. ಕಣ್ಣಿಗೆ ಕಂಡದ್ದು ಕೈಗೆ ತಲುಪುವಷ್ಟರಲ್ಲಿ ಇಷ್ಟು ದೂರ ಆಗಲೇ ಹೋಗಿರುತ್ತದೆ. ಬ್ರೇಕ್ ಲೆಕ್ಕ ಶುರುವಾಗುವುದು ಆಮೇಲೆ.

ಮುಂದಿನ ವಾರಾಂತ್ಯ ಮಳೆ. ಅದರ ಮುಂದಿನದೂ ಮಳೆ. ಏಪ್ರಿಲ್‌ನಲ್ಲಿ ಮುಗಿಯಬೇಕಿದ್ದದ್ದು ಮೇ ತಿಂಗಳಿಗೆ ಹೋಯಿತು. ನನ್ನ ಎಲ್‌ಎಲ್ ಜುಲೈವರೆಗೆ ಮಾತ್ರ. ಪ್ರತಿ ಶುಕ್ರವಾರ ಸಂಜೆ ಆಕಾಶ ನೋಡುವುದೇ ಕೆಲಸವಾಯಿತು.

ಮೂರನೇ ದಿನ ಎಂಟು ಹಾಕುವಾಗ, ಅಂದರೆ 8ರ ಆಕಾರದಲ್ಲಿ ಗಾಡಿ ಸುತ್ತಿಸುವಾಗ ಬಿದ್ದೆ. ಹ್ಯಾಂಡಲ್ ತಿರುಗಿಸಿಕೊಂಡು ನಿಧಾನವಾಗಿ ಹೋಗುತ್ತಿರುವಾಗ ಎರಡನೇ ದಿನದ ಉತ್ಸಾಹದಲ್ಲಿ ಮುಂದಿನ ಬ್ರೇಕ್ ಹಿಡಿದೆ. ಗಾಡಿ ತಕ್ಷಣ ಮಲಗಿತು. ಮೊಣಕಾಲು ತರಚಿತು, ಕೈಗವಸಿನ ಅಂಗೈ ಹರಿಯಿತು, ನನ್ನ ಅಂಗೈ ಉಳಿಯಿತು. ನೇರ ಹೋಗುವಾಗ ಮುಂದಿನ ಬ್ರೇಕ್, ಕಡಿಮೆ ವೇಗದಲ್ಲಿ ಹ್ಯಾಂಡಲ್ ತಿರುಗಿದ್ದಾಗ ಹಿಂದಿನದು ಮಾತ್ರ. ಇದು ಬಿದ್ದೇ ಕಲಿತದ್ದು. ಎಂಟು ಹಾಕುವ ಗುಟ್ಟು ಹ್ಯಾಂಡಲ್‌ನಲ್ಲಿಲ್ಲ, ಕುತ್ತಿಗೆಯಲ್ಲಿದೆ. ಮುಂದಿನ ಚಕ್ರ ನೋಡಿದರೆ ಕಾಲು ಊರುತ್ತೀರಿ. ಹೋಗಬೇಕಾದ ಕಡೆ ಗಲ್ಲ ತಿರುಗಿಸಿದರೆ ಗಾಡಿ ಅಲ್ಲಿಗೇ ಬರುತ್ತದೆ.

ನಾಲ್ಕನೇ ದಿನ ರಸ್ತೆ. ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್. ಸರ್ ಇನ್ನೊಂದು ಬೈಕಿನಲ್ಲಿ ಹಿಂದೆ, ಕಿವಿಯಲ್ಲಿ ಅವರ ಮಾತು. ನಿಂತ ಬಸ್ಸಿನ ಎಡಕ್ಕೆ ನುಗ್ಗಬೇಡಿ, ಇಳಿಯುವವರು ಅಲ್ಲಿಗೇ ಇಳಿಯುತ್ತಾರೆ. ಲಾರಿ ಚಾಲಕನ ಮುಖ ಅವನ ಕನ್ನಡಿಯಲ್ಲಿ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುವುದಿಲ್ಲ. ತಿರುವಿನಲ್ಲಿ ಮರಳು ಕಂಡರೆ ಮೊದಲೇ ನಿಧಾನ ಮಾಡಿ, ಮರಳಿನ ಮೇಲೆ ಹೋದ ಮೇಲೆ ಬ್ರೇಕ್ ಮುಟ್ಟಬೇಡಿ. ಎರಡು ಗಂಟೆ ಹೀಗೆ.

ಟೆಸ್ಟ್‌ಗೆ ಗಾಡಿ ನಾವೇ ಒಯ್ಯಬೇಕು, ಅದರ ಆರ್‌ಸಿ, ವಿಮೆ, ಹೊಗೆ ತಪಾಸಣೆ ಎಲ್ಲ ಚಾಲ್ತಿಯಲ್ಲಿರಬೇಕು. ಅಪ್ಪನ ಗಾಡಿಯನ್ನೇ ತರಿಸೋಣ ಅಂತ ಕಾಗದ ತೆಗೆಸಿದರೆ, ಆರ್‌ಸಿ ಅವಧಿ 2024ರಲ್ಲೇ ಮುಗಿದಿತ್ತು! ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ವಿಮೆಯೂ ಹೋಗಿತ್ತು. ಮನೆಯಲ್ಲಿ ಹಳೆ ಗಾಡಿ ಇಟ್ಟುಕೊಂಡು ಕಲಿಯಲು ಹೊರಟವರು ದಯವಿಟ್ಟು ಮೊದಲ ದಿನವೇ ಆರ್‌ಸಿ ತೆಗೆದು ನೋಡಿ. ಚಿಕ್ಕಪ್ಪನ ಮಗ ಗಾಡಿ ಸರ್ವಿಸ್ ಮಾಡಿಸಿ, ವಿಮೆ ಕಟ್ಟಿ, ಟೆಂಪೋದಲ್ಲಿ ಹಾಕಿಕೊಂಡು ತಿಪಟೂರಿನ ಆರ್‌ಟಿಒ ಕಚೇರಿಗೆ ತೋರಿಸಿ ಬಂದ. ನವೀಕರಣಕ್ಕೆ 1,000 ರೂಪಾಯಿ, ಮೇಲೆ ತಡದ ದಂಡ, ಹಸಿರು ತೆರಿಗೆ. ಅದೇ ಒಂದು ತಿಂಗಳ ಕೆಲಸವಾಯಿತು. ಅಷ್ಟರಲ್ಲಿ ನಾನು ಆಫೀಸಿನ ಗೆಳತಿಯ ತಮ್ಮನ ಬೈಕ್ ಕೇಳಿ ಪಡೆದು ಟೆಸ್ಟ್‌ಗೆ ಹೋದೆ.

ಟೆಸ್ಟ್ ಶುಲ್ಕ 300, ಡಿಎಲ್‌ಗೆ 200, ಕಾರ್ಡು, ಸೇವೆ ಅಂತ ಇನ್ನಷ್ಟು. ಬೆಳಗ್ಗೆ ಎಂಟಕ್ಕೆ ಹೋದವಳ ಸರದಿ ಬಂದದ್ದು ಹನ್ನೊಂದೂವರೆಗೆ. ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿಕೊಂಡೇ ಕಾದು ಸುಸ್ತಾಗಿದ್ದೆ. ಎಂಟಿನ ಎರಡನೇ ಸುತ್ತಿನಲ್ಲಿ ಕಾಲು ಊರಿದೆ, ಫೇಲ್. ಬಿಕ್ಕಿ ಅಳುವಷ್ಟು ಬೇಜಾರಾಯಿತು. ಏಳು ದಿನ ಬಿಟ್ಟು ಮತ್ತೆ ಬರಬಹುದು, ಮತ್ತೆ 300 ಕಟ್ಟಬೇಕು. ಎರಡನೇ ಸಲ ನೀರಿನ ಬಾಟಲ್, ಟೋಪಿ ಒಯ್ದೆ, ಸರದಿ ಬರುವವರೆಗೆ ನೆರಳಿನಲ್ಲಿ ಕೂತೆ, ಅದೇ ಗಾಡಿಯಲ್ಲಿ ಹಿಂದಿನ ಸಂಜೆ ಅರ್ಧ ಗಂಟೆ ಎಂಟು ಹಾಕಿದ್ದೆ. ಪಾಸಾಯಿತು. ಟೆಸ್ಟ್‌ನಲ್ಲಿ ತುರ್ತಾಗಿ ನಿಲ್ಲಿಸುವುದನ್ನು ಯಾರೂ ಕೇಳಲಿಲ್ಲ. ಬಸ್ಸು, ಮರಳು, ಲಾರಿ ಕನ್ನಡಿ ಯಾವುದೂ ಇರಲಿಲ್ಲ. ಲೈಸೆನ್ಸ್‌ಗೆ ಬೇಕಾದದ್ದು ಎಂಟು ಮಾತ್ರ. ಉಳಿದದ್ದನ್ನು ನೀವೇ ಹುಡುಕಿಕೊಂಡು ಹೋಗಿ ಕಲಿಯಬೇಕು.

ಈಗ ಆ ಕೇಳದೆ ಬಿಟ್ಟ ಪ್ರಶ್ನೆ. ನಾನು ಕಲಿತದ್ದು 150 ಸಿಸಿ ಬೈಕಿನಲ್ಲಿ. ಒಂದನೇ ಗೇರ್ ಕೆಳಕ್ಕೆ, ಉಳಿದವು ಮೇಲಕ್ಕೆ. ಮುಂದೆ ಡಿಸ್ಕ್ ಬ್ರೇಕ್, ಜೊತೆಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ. 125 ಸಿಸಿಗಿಂತ ಮೇಲಿನ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಅಪ್ಪನ ಸ್ಪ್ಲೆಂಡರ್‌ಗೆ ನಾಲ್ಕೂ ಗೇರ್ ಮುಂದಕ್ಕೆ ತುಳಿಯಬೇಕು, ಇಳಿಸಲು ಹಿಮ್ಮಡಿ. ಎರಡೂ ಕಡೆ ಡ್ರಮ್ ಬ್ರೇಕ್, ಎಬಿಎಸ್ ಇಲ್ಲ. ಊರಿನಲ್ಲಿ ಮೊದಲ ಸಲ ಓಡಿಸಿದಾಗ ಹಂಪ್ ಹತ್ತಿರ ಗೇರ್ ಇಳಿಸೋಣ ಅಂತ ಅಭ್ಯಾಸಬಲದಿಂದ ಮುಂದಕ್ಕೆ ತುಳಿದೆ. ಇಳಿಯುವ ಬದಲು ಏರಿತು, ಗಾಡಿ ಗಡಗಡ ನಡುಗಿ ನಿಂತಿತು. ಹಿಂದೆ ಯಾರೂ ಇರಲಿಲ್ಲ. ಹಾಗಾಗಿ ತರಬೇತಿಗೆ ಸೇರುವ ಮೊದಲು, ಮುಂದೆ ನೀವು ಓಡಿಸುವ ಗಾಡಿ ಯಾವುದು ಅಂತ ಅವರಿಗೆ ಹೇಳಿ, ಅಂಥದ್ದೇ ಗಾಡಿಯಲ್ಲಿ ಒಂದು ದಿನವಾದರೂ ಕಲಿಸುತ್ತೀರಾ ಅಂತ ಕೇಳಿ. ನಾನು ಮೂರು ಭಾನುವಾರ ಊರ ಶಾಲೆ ಮೈದಾನದಲ್ಲಿ ಹಾಫ್ ಕ್ಲಚ್‌ನಿಂದ ಮತ್ತೆ ಶುರು ಮಾಡಿದೆ. ಅಪ್ಪ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ಬ್ರೇಕ್ ಅಭ್ಯಾಸಕ್ಕೆ ಸುಣ್ಣದ ಗೆರೆ ಅವರೇ ಎಳೆದರು. ಡ್ರಮ್ ಬ್ರೇಕ್‌ಗೆ ಹನ್ನೊಂದು ಹೆಜ್ಜೆ ಬೇಕಾಯಿತು. ಆ ಸಂಖ್ಯೆ ನನಗೆ ಬಾಯಿಪಾಠ.

ಕಾರ್ಡ್ ಬಂದ ಮೇಲಿನ ಭಾನುವಾರ ಅಮ್ಮ "ತಿಪಟೂರು ಸಂತೆಗೆ ಹೋಗ್ಬೇಕು, ಕರ್ಕೊಂಡು ಹೋಗ್ತೀಯೇನೇ?" ಅಂತ ಕೇಳಿದರು. ಆರು ತಿಂಗಳಿಂದ ಗಾಡಿಯ ಹೆಸರೆತ್ತದವರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು, ಮನೆಯಲ್ಲಿದ್ದದ್ದು ನನ್ನದೊಂದೇ. ಗಾಡಿಯನ್ನು ಕೊಬ್ಬರಿ ಮನೆಯಲ್ಲೇ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಹೋದೆವು. ಅಂಗಡಿಯಲ್ಲಿ ಯಾವ ಹೆಲ್ಮೆಟ್ ಹಾಕಿದರೂ ಅಮ್ಮನ ತುರುಬು ಅಡ್ಡ ಬಂದು ಮೇಲೆಯೇ ನಿಲ್ಲುತ್ತಿತ್ತು. ಅಮ್ಮ ಪಿನ್ನು ತೆಗೆದು, ತುರುಬು ಬಿಚ್ಚಿ, ಅಂಗಡಿಯ ಕನ್ನಡಿ ಮುಂದೆ ನಿಂತು ಜಡೆ ಹೆಣೆದುಕೊಂಡರು. ಆಮೇಲೆ ಹೆಲ್ಮೆಟ್ ಹಾಕಿಕೊಂಡು ನನ್ನ ಕಡೆ ತಿರುಗಿ, ತಾವಾಗಿಯೇ ತಲೆ ಅಲ್ಲಾಡಿಸಿ ತೋರಿಸಿದರು. ಕೆನ್ನೆ ಜೊತೆಗೇ ಅಲ್ಲಾಡಿತು.